ಎರಡನೆಯ ಓದು

ವಾಗಾ ವಾಗಾ. ಮೇ ತಿಂಗಳ ಕೊನೆ, ಇಲ್ಲಿ ಚಳಿಯ ಮೊದಲು.
ಐಸ್ ಪೆಟ್ಟಿಗೆಯಲ್ಲಿ ಬಂದಿದೆ ಅರ್ಧ ಮಿದುಳು.
ಇನ್ನರ್ಧ ಫಾರ್ಮಲಿನ್ನಿಗೆ, ನೋಡುವವರಿಗೆ.
ಈ ಅರ್ಧ ನನಗೆ, ಅರೆಯುವವಳಿಗೆ.

ಚೀಟಿಯಲ್ಲಿ ನೊಯೆಲೀನಳ ದುಂಡು ಅಕ್ಷರ:
ಕೆಲ್ಪಿ, ಹೆಣ್ಣು, ಆರು ವರ್ಷ, ಕುರಿ ಕಾಯುವುದು.
ಹೆಸರು ಟಪ್ಪೆನ್ಸ್.
ಒಡೆಯ ಲಾಕ್ಲನ್ ಟ್ರೆಗೆನ್ಜಾ, ಕೂಲಮನ್ ರಸ್ತೆ.
ಜೊಲ್ಲು, ನಡುಕ, ಒಂದೂವರೆ ಗಂಟೆ.
ಕೊನೆಯ ಸಾಲು ಅವನದೇ, ಪೆನ್ನು ಒತ್ತಿ ಬರೆದದ್ದು:
ಬೇಲಿಯಾಚೆಯವನು ಏನೋ ಹಾಕಿದ್ದಾನೆ.

ಕಡಲೆಕಾಳಿನಷ್ಟು ಸಾಕು. ತೂಗುತ್ತೇನೆ.
ಮಂಜುಗಡ್ಡೆಯ ನಡುವೆ ಗಾಜಿನ ಒರಳು, ಗಾಜಿನ ಒನಕೆ,
ಹತ್ತು ಸುತ್ತು. ಕುರಿಯ ವಾಸನೆ,
ಯೂಟ್ ಗಾಡಿ ತಿರುವಿನಲ್ಲಿ ಗೇರು ಬದಲಿಸುವ ಸದ್ದು,
ಎಡಕ್ಕೊಂದು ಬಲಕ್ಕೊಂದು ಸಿಳ್ಳೆ,
ಎಲ್ಲ ಸೇರಿ ತೆಳು ಗಂಜಿ.

ನಾಯಿ ಸತ್ತು ಮೂರು ದಿನ.
ಕಿಣ್ವಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ.
ತಣ್ಣಗಿದ್ದರೆ ಮಲಗಿರುತ್ತದೆ, ಬೆಚ್ಚಗಾದರೆ ಎದ್ದು
ಎದುರಿಗೆ ಸಿಕ್ಕ ಕೆಲಸ ಹಿಡಿಯುತ್ತದೆ.
ಕಿಣ್ವ: ಹೆಂಡ ಹುಳಿಸುವವರಿಂದ ನಾವು ಕಡ ತಂದ ಮಾತು,
ಇನ್ನೂ ಹಿಂದಿರುಗಿಸಿಲ್ಲ.

ಇದರ ಕೆಲಸ ಹೇಳುವುದಲ್ಲ, ಅಳಿಸುವುದು.
ನರ ಒಂದು ಮಾತು ಎಸೆಯುತ್ತದೆ: ಓಡು.
ಕಾಲು ಕೇಳಿಸಿಕೊಳ್ಳುತ್ತದೆ. ಕೇಳಿದ್ದೇ ತಡ
ಇದು ಬಂದು ಸ್ಲೇಟು ಒರೆಸಬೇಕು.
ಬರದಿದ್ದರೆ ಓಡು ಓಡು ಓಡು ಓಡು
ಎಂದೇ ಉಳಿಯುತ್ತದೆ ಸ್ಲೇಟಿನಲ್ಲಿ,
ಮಲಗಿದಲ್ಲೇ ಓಡುತ್ತದೆ ಕಾಲು.
ಅದನ್ನೇ ಅವನು ನಡುಕ ಎಂದು ಬರೆಸಿದ್ದು.

ಕಿಣ್ವ ದುಡಿದರೆ ಕೊಳವೆಯಲ್ಲಿ ಹಳದಿ ಏರಬೇಕು,
ಅರಿಶಿನದ ಕೈ ತೊಳೆದ ನೀರಿನ ಹಳದಿ.
ಒಂದು ನಿಮಿಷ. ಎರಡು. ಐದು.
ಪಕ್ಕದಲ್ಲಿ, ಹೋಲಿಕೆಗೆಂದು ಇಟ್ಟದ್ದು,
ಲಾರಿಗೆ ಸಿಕ್ಕು ಸತ್ತ ಇನ್ನೊಂದು ನಾಯಿಯದು,
ಅದಕ್ಕೂ ಒಂದು ಹೆಸರಿದ್ದೀತು,
ಹೊಳೆಯುತ್ತಿತ್ತು. ಟಪ್ಪೆನ್ಸಳದು ನೀರು, ಬರೀ ನೀರು.
ನೂರಕ್ಕೆ ಹನ್ನೊಂದು.

ವಿಷವೇ. ಆದರೆ ಯಾವುದು?
ಹಿಡಿದರೆ ಬಿಡದ ಜಾತಿಯೊಂದುಂಟು,
ದಿನ ಕಳೆದಷ್ಟೂ ಅದರ ಗಂಟು ಬಿಗಿ.
ಇನ್ನೊಂದು, ಕತ್ತು ಹಿಸುಕಿ, ಕೆಲವು ಗಂಟೆ ಬಿಟ್ಟು
ತಾನಾಗಿಯೇ ಕೈ ಸಡಿಲಿಸುವಂಥದ್ದು.
ತಿಳಿಯಬೇಕಾದರೆ ಅದೇ ಗಂಜಿಯನ್ನು ನೀರು ಮಾಡಿ
ಮೂವತ್ತೇಳು ಡಿಗ್ರಿಯಲ್ಲಿಟ್ಟು ಕಾಯಬೇಕು,
ಹಾಲಿಗೆ ಹೆಪ್ಪು ಹಾಕಿದ ಹಾಗೆ,
ಮುಚ್ಚಳ ತೆಗೆದು ತೆಗೆದು ನೋಡದೆ.

ನೊಯೆಲೀನ್ ಮನೆಗೆ ಹೊರಟಳು. ಹೀಟರ್ ಕಟಕಟ.
ಉಳಿದ ಬ್ರೆಡ್ಡು ನಿಂತೇ ತಿಂದೆ.

ಎಂಟು ಗಂಟೆಗೆ ಎರಡನೆಯ ಓದು.
ಹಳದಿ.
ಮೊದಲು ಗಾಜಿನ ಅಂಚಿನಲ್ಲಿ ಅನುಮಾನದಷ್ಟೇ,
ಆಮೇಲೆ ಸಂಶಯವೇ ಇಲ್ಲ,
ಅರವತ್ತು, ಎಪ್ಪತ್ತು, ಎಪ್ಪತ್ತನಾಲ್ಕು.
ಕೈ ಬಿಟ್ಟಿತ್ತು ವಿಷ.
ಉಸಿರಾಡಲು ಈಗ ಯಾವ ಅಡ್ಡಿಯೂ ಇಲ್ಲ,
ಉಸಿರಾಡುವವಳೊಬ್ಬಳು ಇಲ್ಲ.

ಬೆಳಿಗ್ಗೆ ಫೋನು ಮಾಡಿದೆ. ಕಾರ್ಬಮೇಟ್, ಎಂದೆ.
ಹಾಗೆಂದರೆ, ಎಂದ.
ಬಸವನಹುಳುವಿನ ಗುಳಿಗೆಯಲ್ಲಿರುತ್ತದೆ, ನೀಲಿ ಬಣ್ಣದ್ದು,
ಕನೋಲಾ ಬಿತ್ತುವಾಗ ಚೆಲ್ಲುತ್ತಾರಲ್ಲ.
ಆ ಕಡೆ ಕೆಟಲು ಕುದಿದು, ಕ್ಲಿಕ್ಕೆಂದು ಆರಿದ್ದು ಕೇಳಿಸಿತು.
ಬಹಳ ಹೊತ್ತಿನ ಮೇಲೆ ಅವನು:
ಚೀಲ ಹರಿದಿತ್ತು. ಯೂಟಿನಲ್ಲಿ.
ಅವಳು ಯಾವಾಗಲೂ ಅಲ್ಲೇ ಕೂರುವುದು.

ಬೇಲಿಯಾಚೆಯವನ ಮಾತು ಇಬ್ಬರೂ ಎತ್ತಲಿಲ್ಲ.
ತಾನಾಗಿ ಬಿಡುತ್ತದೆ ಅಂದಿರಲ್ಲ, ಎಷ್ಟು ಹೊತ್ತಿಗೆ, ಎಂದು ಕೇಳಿದ.
ನನ್ನ ಬಳಿ ಅಂಕಿಯಿತ್ತು.
ವರದಿಯಲ್ಲಿದೆ, ಎಂದೆ.
ವರದಿಯಲ್ಲಿ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಬೇರೇನೋ ಕೆಲಸಕ್ಕೆ ಆ ದಾರಿ ಹಿಡಿದೆ.
ಎರಡೂ ಬದಿ ಕನೋಲಾ ಹೂ, ಕಣ್ಣು ಸೋಲುವವರೆಗೆ.
ಯಂತ್ರಕ್ಕಿಟ್ಟರೆ ಅಳತೆ ಮೀರಿತೆಂದು ಕೈಚೆಲ್ಲೀತು.
ಬೇಲಿಯ ಈಚೆಗೂ ಆಚೆಗೂ ಒಂದೇ ಹಳದಿ.
ಕಾಲಿಗೆ ಹೇಳಿದೆ: ಬ್ರೇಕು.
ಕಾಲು ಕೇಳಿತು.
ಕೇಳಿ, ಸುಮ್ಮನಾಯಿತು.